ರಕ್ಷಿಸಿದ ನಾಯಿಯನ್ನು ಮನೆಗೆ ಕರೆತರುವುದು ಹೇಗೆ?

ಆಶ್ರಯತಾಣದಿಂದ ಬಂದ ನಾಯಿ ಎರಡು ದಿನ ಮೂಲೆ ಬಿಟ್ಟು ಏಳದಿದ್ದರೆ ‘ಎಷ್ಟು ಸಾಧು ನೋಡಿ’ ಎಂದು ಮನೆಯವರು ಖುಷಿಪಡುತ್ತಾರೆ. ಅದು ಸಾಧುತನವಲ್ಲ, ಹೆದರಿಕೆ. ಆ ಹೊತ್ತಿನಲ್ಲೇ ನೆಂಟರಿಷ್ಟರು ಸುತ್ತುವರಿದು ಮುದ್ದಿಸುತ್ತಾರೆ. ನಾಲ್ಕನೇ ದಿನ ನಾಯಿ ಹಲ್ಲು ತೋರಿಸಿದರೆ ‘ಸ್ವಭಾವ ಸರಿಯಿಲ್ಲ’ ಎಂದು ವಾಪಸ್ ಬಿಟ್ಟು ಬರುತ್ತಾರೆ. ಹೀಗಾಗದಂತೆ ನೋಡಿಕೊಳ್ಳಲು ಮೊದಲ ವಾರ ಮುದ್ದಿಗಿಂತ ಹೆಚ್ಚಾಗಿ ಅದಕ್ಕೆ ಬಿಡುವು ಕೊಡಬೇಕು.

ಆರಿಸುವ ಮೊದಲು

ಆಶ್ರಯತಾಣಕ್ಕೆ ಕನಿಷ್ಠ ಎರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಮನೆಮಂದಿಯೆಲ್ಲ ಹೋಗಿ. ಗೂಡಿನೊಳಗೆ ಎಗರಾಡಿ ಬೊಗಳುವ ನಾಯಿ ಹೊರಗೆ ಬಂದರೆ ಬೇರೆಯೇ ಆಗಿರಬಹುದು. ಹತ್ತು ಹದಿನೈದು ನಿಮಿಷ ಅದರ ಜೊತೆ ನಡೆದು ನೋಡಿ. ದಿನವೂ ಅದಕ್ಕೆ ಊಟ ಹಾಕುವವರನ್ನೇ ಕೇಳಿ: ತಿನ್ನುವಾಗ ಹತ್ತಿರ ಹೋದರೆ ಏನು ಮಾಡುತ್ತದೆ? ಮಕ್ಕಳನ್ನು, ಬೆಕ್ಕನ್ನು ಕಂಡರೆ? ಯಾರಾದರೂ ಒಯ್ದು ಮರಳಿಸಿದ್ದಾರೆಯೇ, ಯಾಕೆ? ರೇಬಿಸ್ ಲಸಿಕೆಯ, ಜೊತೆಗೆ ನಾಯಿಗಳ ಮಾರಕ ವೈರಸ್ ರೋಗಗಳಾದ ಡಿಸ್ಟೆಂಪರ್, ಪಾರ್ವೊ ಲಸಿಕೆಗಳ ದಾಖಲೆ ಪಡೆಯಿರಿ. ಈಗ ಏನು ತಿನ್ನುತ್ತಿದೆ, ಯಾವ ಹೊತ್ತಿಗೆ ಎಂಬುದನ್ನೂ ಬರೆದುಕೊಳ್ಳಿ.

ಕರೆತರುವ ದಿನ

ನಾಯಿ ತಪ್ಪಿಸಿಕೊಳ್ಳುವ ಅಪಾಯ ಅತಿ ಹೆಚ್ಚಿರುವುದು ಇದೇ ದಿನ. ಗಾಬರಿಯಾದ ನಾಯಿ ಮುಂದಕ್ಕೆ ಎಳೆಯುವುದಿಲ್ಲ. ನಾಲ್ಕೂ ಕಾಲು ನೆಲಕ್ಕೂರಿ ಹಿಂದಕ್ಕೆ ಜಗ್ಗುತ್ತದೆ, ತಲೆ ತಗ್ಗಿಸಿ ಕಿವಿ ಹಿಂದಕ್ಕೊತ್ತುತ್ತದೆ. ಮರುಕ್ಷಣ ಖಾಲಿ ಕಾಲರ್ ನಿಮ್ಮ ಕೈಯಲ್ಲಿರುತ್ತದೆ. ಆದ್ದರಿಂದ ಕಾಲರ್ ಜೊತೆಗೆ ಎದೆಗೆ ಸುತ್ತುವ ಹಾರ್ನೆಸ್ ಕೂಡ ಹಾಕಿ, ಎರಡಕ್ಕೂ ಹಗ್ಗ ಕಟ್ಟಿ. ಕಾಲರ್ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ. ನಿಮ್ಮ ಫೋನ್ ನಂಬರಿರುವ ಬಿಲ್ಲೆ ಅಲ್ಲೇ ತೂಗಲಿ. ಕಾರಿನ ಬಾಗಿಲು ತೆರೆಯುವ ಮೊದಲು ಹಗ್ಗ ಕೈಗೆ ಸುತ್ತಿಕೊಂಡಿರಬೇಕು. ಅಕಸ್ಮಾತ್ ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಮೆಲ್ಲಗೆ ಕರೆಯುತ್ತ ತಿಂಡಿ ಎಸೆಯಿರಿ.

ಮನೆಯಲ್ಲಿ ಮೊದಲೇ ನಾಯಿಯಿದ್ದರೆ ಸುಮಾರು ಎರಡು ವಾರ ಎರಡನ್ನೂ ಬೇರೆಯಾಗಿಡಿ. ಹೊಸದು ಯಾವ ಸೋಂಕು ಹೊತ್ತು ತಂದಿದೆಯೋ ಹೇಳಲಾಗದು. ಆಮೇಲೂ ಭೇಟಿ ಹೊರಗಿನ ಬಯಲಿನಲ್ಲೇ ಆಗಲಿ. ಇಬ್ಬರು ಹಿಡಿದುಕೊಂಡು, ದೂರ ಬಿಟ್ಟು, ಒಂದೇ ದಿಕ್ಕಿಗೆ ನಡೆಸುತ್ತ ಮೆಲ್ಲನೆ ಹತ್ತಿರ ತನ್ನಿ.

ಮೊದಲ ವಾರ

ಓಡಾಟ ಕಡಿಮೆಯಿರುವ ಕೋಣೆಯಲ್ಲಿ ಹಾಸಿಗೆ, ನೀರು ಇಡಿ. ಯಾರೂ ನೋಡಲು ಬರುವುದು ಬೇಡ. ನೀವು ಹೋದರೂ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಾಯಿಗೆ ಬೆದರಿಕೆ. ಅದಾಗಿಯೇ ಬಂದು ಮೂಸುವ ತನಕ ಕೈ ಚಾಚಬೇಡಿ.

ಮೊದಲ ದಿನ ಊಟ ಮುಟ್ಟದಿರಬಹುದು. ಬೆಳೆದ ನಾಯಿಯಾದರೆ ಅದಕ್ಕೇ ಗಾಬರಿ ಬೇಡ, ನೀರು ಕುಡಿಯುತ್ತಿದೆಯೇ ನೋಡಿ. ಆಹಾರ ಒಮ್ಮೆಲೇ ಬದಲಾದರೆ ಭೇದಿ ಶುರುವಾಗಬಹುದು. ಹಳೆಯದರಲ್ಲಿ ಹೊಸದನ್ನು ಕಾಲು ಭಾಗ, ಎರಡು ದಿನ ಬಿಟ್ಟು ಅರ್ಧ, ಮತ್ತೆ ಮುಕ್ಕಾಲು ಎಂದು ಬೆರೆಸುತ್ತ ಏಳು ದಿನದಲ್ಲಿ ಪೂರ್ತಿ ಬದಲಿಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು.

ಎರಡು ಮೂರು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಇದೆಯೇ ನೋಡಿ. ಜಂತುಹುಳದ ಔಷಧವನ್ನು ಅವರು ಹೇಳಿದ ಅಂತರದಲ್ಲಿ ಮತ್ತೊಮ್ಮೆ ಕೊಡಬೇಕಾಗುತ್ತದೆ. ಆ ಎರಡನೇ ಡೋಸ್ ಮರೆಯುವವರೇ ಹೆಚ್ಚು. ಮರಿಯಾದರೆ ಇನ್ನಷ್ಟು ಎಚ್ಚರ ಬೇಕು. ಪಾರ್ವೊ ಸೋಂಕು ತಗುಲಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಕಾಣಿಸಿಕೊಳ್ಳುವುದರಿಂದ, ತರುವಾಗ ಚೂಟಿಯಾಗಿದ್ದ ಮರಿ ಐದನೇ ದಿನ ಮಂಕಾಗಬಹುದು. ಊಟ ಬಿಟ್ಟು, ವಾಂತಿ ಮಾಡಿ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ.

ಮಕ್ಕಳಿದ್ದರೆ

ತಿನ್ನುವಾಗ, ಮಲಗಿದಾಗ ಮುಟ್ಟಬಾರದು, ತಬ್ಬಿಕೊಳ್ಳಬಾರದು. ಚಿಕ್ಕ ಮಗುವನ್ನೂ ನಾಯಿಯನ್ನೂ ಒಂದು ಕ್ಷಣವೂ ಅವಷ್ಟಕ್ಕೆ ಬಿಡಬೇಡಿ. ಮುಟ್ಟುವ ಮೊದಲು ನಾಯಿಯನ್ನೇ ‘ಕೇಳುವುದನ್ನು’ ಮಕ್ಕಳಿಗೆ ಕಲಿಸಬಹುದು: ಎದೆಯ ಪಕ್ಕ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಒತ್ತಿಕೊಂಡು ಬಂದರೆ ಇನ್ನೂ ಬೇಕು ಎಂದರ್ಥ. ಮುಖ ತಿರುಗಿಸಿದರೆ, ತುಟಿ ನೆಕ್ಕಿದರೆ, ಮೈ ಬಿಗಿ ಹಿಡಿದರೆ ಸಾಕು ಎಂದರ್ಥ. ಗುರ್ ಎಂದಿತೆಂದು ಗದರಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಏಟು ತಿಂದ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ಕಚ್ಚಿ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ.

ಶೌಚ ಮತ್ತು ಒಂಟಿತನ

ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಮುಗಿಸಿದ ಎರಡು ಮೂರು ಸೆಕೆಂಡಿನಲ್ಲೇ ಅಲ್ಲಿಯೇ ತಿಂಡಿ ಸಿಗಬೇಕು. ಮನೆಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ತಿಳಿಯುತ್ತದೆ. ಒಳಗೆ ಮಾಡಿದರೆ ಮೂತಿ ಹಿಡಿದು ಅದರಲ್ಲಿ ಒತ್ತುವುದು ಕ್ರೌರ್ಯ, ಅದರಿಂದ ನಾಯಿ ಕಲಿಯುವುದು ಕದ್ದು ಮಾಡುವುದನ್ನಷ್ಟೇ.

ಒಂಟಿಯಾಗಿರುವ ಅಭ್ಯಾಸಕ್ಕೆ ಮೊದಲು ಅರ್ಧ ನಿಮಿಷ ಬಾಗಿಲಾಚೆ ನಿಂತು ಬನ್ನಿ, ಆಮೇಲೆ ಒಂದು, ಎರಡು, ಐದು ನಿಮಿಷ. ಹೋಗುವಾಗ ಬರುವಾಗ ಸಂಭ್ರಮ ಬೇಡ. ಬಾಗಿಲು ಕೆರೆದರೆ, ಊಳಿಟ್ಟರೆ ಹೊತ್ತು ಬೇಗ ಏರಿಸಿದ್ದೀರಿ ಎಂದರ್ಥ. ಸುಮ್ಮನಿದ್ದ ಹಿಂದಿನ ಅವಧಿಗೆ ಮರಳಿ ಅಲ್ಲಿಂದ ಮತ್ತೆ ಶುರುಮಾಡಿ.