ಕೇಳಿಸಿಕೊಳ್ಳುವವನು ಇಲ್ಲವಾದ ಮೇಲೆ

ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಲ್ಲಿ ಪ್ರೊಟೆಸ್ಟೆಂಟ್ ಕ್ರೈಸ್ತರಾದ ಮನೆತನ. ಆ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಆಮೇಲಿನ ದಶಕಗಳಲ್ಲಿ ದೀಕ್ಷಾಸ್ನಾನ ಪಡೆದ ತುಳುವರಲ್ಲಿ ಬಿಲ್ಲವರೇ ಹೆಚ್ಚು; ನಮ್ಮ ಹಿರಿಯರೂ ಅವರಲ್ಲಿ ಸೇರಿದ್ದರು. ಹಾಗೆ ಸೇರಿದವರನ್ನು ಮನೆಯವರು ಹೊರಗೆ ಹಾಕಿದರು. ಬಿಲ್ಲವರ ಕಳ್ಳು ಇಳಿಸುವ ಕಸುಬನ್ನು ಮಿಷನ್ನಿನವರೇ ಬಿಡಿಸಿದರು. ಬಿಡಿಸಿದ ಮೇಲೆ ಹೊಟ್ಟೆಗೆ ದಾರಿ ತೋರಿಸಬೇಕಲ್ಲ, ಅದಕ್ಕೆ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅಜ್ಜಿ ಮಿಷನ್ ಶಾಲೆಯಲ್ಲಿ ಓದಿ ಅಲ್ಲಿಯೇ ಟೀಚರ್ ಆದವರು. ಅನ್ನ, ಅಕ್ಷರ, ಮರ್ಯಾದೆ ಮೂರೂ ದೇವರ ಜೊತೆಯಲ್ಲಿಯೇ ಬಂದ ಮನೆಯಲ್ಲಿ, ನನಗೆ ನಂಬಿಕೆ ಹೋಯಿತು ಎಂದು ಹೇಳುವುದು ಉಂಡ ಮನೆಯ ಜಂತಿ ಎಣಿಸಿದಂತೆಯೇ.

ಹೋದದ್ದು ಒಂದು ದಿನದಲ್ಲಲ್ಲ. ನಾನು ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರ ಶಾಲೆಯ ಟೀಚರ್ ಆಗಿದ್ದೆ. ಇಸ್ರಾಯೇಲರ ಅರಸ ಸೌಲನ ಪಾಠ ಹೇಳಿಕೊಡಲು ಬೈಬಲಿನಲ್ಲಿ ಸಮುವೇಲನ ಮೊದಲನೆಯ ಪುಸ್ತಕದ ಹದಿನೈದನೆಯ ಅಧ್ಯಾಯವನ್ನು ತೆಗೆದೆ. ಶತ್ರುಗಳಾದ ಅಮಾಲೇಕ್ಯರಲ್ಲಿ ಗಂಡಸರು, ಹೆಂಗಸರು, ಮೊಲೆ ಕುಡಿಯುವ ಕೂಸುಗಳು, ಯಾರನ್ನೂ ಉಳಿಸಬೇಡ ಎಂದು ಸೌಲನಿಗೆ ದೇವರ ಅಪ್ಪಣೆ ಅಲ್ಲಿದೆ. ಪಾಠದ ಪುಸ್ತಕ ಆ ಸಾಲನ್ನು ಹಾರಿಸಿ, ಸೌಲನು ಕುರಿದನಗಳನ್ನು ಉಳಿಸಿಕೊಂಡು ಅವಿಧೇಯನಾದ ಎಂಬಲ್ಲಿಂದ ಶುರುವಾಗುತ್ತಿತ್ತು. ಎಷ್ಟೋ ಸಲ ಓದಿದ್ದ ಅಧ್ಯಾಯವೇ ಅದು. ಆದರೆ ಎದುರಿಗೆ ಆರೇಳು ವರ್ಷದ ಮಕ್ಕಳನ್ನು ಕೂರಿಸಿಕೊಂಡು ಓದುವಾಗ, ಕುರಿಯ ಬಗ್ಗೆ ಇಷ್ಟೊಂದು ಚರ್ಚಿಸುತ್ತಿರುವ ನಾವು ಕೂಸುಗಳ ಬಗ್ಗೆ ಯಾಕೆ ಬಾಯಿ ಬಿಡುತ್ತಿಲ್ಲ ಎನ್ನಿಸಿತು. ಅಂದಿನ ಪಾಠವನ್ನು ದಾವೀದನ ಕಡೆಗೆ ತಿರುಗಿಸಿ ಮುಗಿಸಿದೆ. ಆಮೇಲೆ ಓದುವುದು ಹೆಚ್ಚಾಯಿತು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೆಂದು ತಿಳಿದಾಗ ಬೆಚ್ಚಿಬೀಳುವುದಕ್ಕೂ ನನ್ನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ತಲೆಯ ಲೆಕ್ಕ ಅಲ್ಲಿಗೆ ಮುಗಿಯಿತು. ನಾನು ಬರೆಯಹೊರಟಿರುವುದು ಉಳಿದದ್ದರ ಬಗ್ಗೆ. ಬಿಟ್ಟುಬಂದವರ ಬರಹಗಳಲ್ಲಿ ವಾದಗಳು ರಾಶಿ ರಾಶಿ ಸಿಗುತ್ತವೆ, ರಾತ್ರಿ ಎರಡು ಗಂಟೆಗೆ ಏನು ಮಾಡಬೇಕು ಎಂಬುದು ಸಿಗುವುದಿಲ್ಲ. ಕೇರಳದ ತಿರುವಲ್ಲಾದಲ್ಲಿ ಮಾರ್ತೋಮ ಕ್ರೈಸ್ತ ಸಭೆಯ ಪಾದ್ರಿಯ ಮಗನಾಗಿ ಹುಟ್ಟಿ ಶ್ರೀಲಂಕಾದಲ್ಲಿ ದೊಡ್ಡ ವಿಚಾರವಾದಿಯಾದ ಅಬ್ರಹಾಂ ಕೋವೂರರನ್ನು ಓದಿದೆ. ಅವರು ನಗುತ್ತ ಹೊರಗೆ ನಡೆದವರು. ನನಗೆ ಆ ನಗು ಬರಲಿಲ್ಲ.

ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಅದು ಎಲ್ಲರದು. ಅದಲ್ಲದೆ ಮಲಗುವ ಮುಂಚೆ ನನ್ನದೇ ಒಂದು ವರದಿ ಇರುತ್ತಿತ್ತು. ಕಚೇರಿಯಲ್ಲಿ ಯಾರು ಏನೆಂದರು, ಯಾವ ಮಾತು ಚುಚ್ಚಿತು, ಯಾರಿಗೂ ಗೊತ್ತಾಗದಂತೆ ಯಾರಿಗೆ ಸಹಾಯ ಮಾಡಿದೆ, ಎಲ್ಲವನ್ನೂ ಒಪ್ಪಿಸಿ ಮಲಗುವುದು. ಕೂರುವುದನ್ನೂ ಏಳುವುದನ್ನೂ ಬಲ್ಲ ದೇವರೆಂದು 139ನೆಯ ಕೀರ್ತನೆ ಹೇಳುತ್ತದೆ. ಅಕ್ಷರಶಃ ಹಾಗೆಯೇ ಬದುಕಿದ್ದೆ. ನನ್ನ ಒಳ್ಳೆಯತನಕ್ಕೂ ನನ್ನ ನೋವಿಗೂ ಒಬ್ಬ ಸಾಕ್ಷಿಯಿದ್ದ. ಅವನು ಹೋದ ಮೇಲೆ ಮಾತು ಮಾತ್ರ ನಿಲ್ಲಲಿಲ್ಲ. ಶಿರಾಡಿ ಘಾಟಿಯಲ್ಲಿ ಬಸ್ ಬ್ರೇಕ್ ಹಾಕಿದರೆ ಬಾಯಿಯಲ್ಲಿ ‘ಕರ್ತನೇ’ ಎಂದೇ ಬರುತ್ತಿತ್ತು. ರಾತ್ರಿ ವರದಿ ಶುರುಮಾಡಿ, ಅರ್ಧದಲ್ಲಿ ನೆನಪಾಗಿ, ಕತ್ತಲಲ್ಲಿ ನಾಚಿಕೆಯಿಂದ ಸುಮ್ಮನಾಗುತ್ತಿದ್ದೆ. ಇದು ಸಾವಿನ ದುಃಖವೇ. ಒಂದೇ ವ್ಯತ್ಯಾಸ, ಈ ಸಾವಿಗೆ ಯಾರೂ ಮಾತನಾಡಿಸಲು ಬರುವುದಿಲ್ಲ, ಗಂಜಿ ತಂದುಕೊಡುವುದಿಲ್ಲ.

ನಾನು ಮಾಡಿದ ಮೊದಲ ಕೆಲಸ ಪ್ರಾರ್ಥನೆಯನ್ನು ಬಿಡಿಸಿ ನೋಡಿದ್ದು. ಸ್ತುತಿ, ಪಾಪನಿವೇದನೆ, ಕೃತಜ್ಞತೆ, ವಿಜ್ಞಾಪನೆ ಎಂದು ಮಕ್ಕಳಿಗೆ ನಾನೇ ಕಲಿಸುತ್ತಿದ್ದೆ. ಈ ನಾಲ್ಕರಲ್ಲಿ ನನಗೆ ನಿಜವಾಗಿ ಯಾವುದು ಬೇಕಾಗಿತ್ತು? ಸ್ತುತಿ ತಾನಾಗಿಯೇ ಉದುರಿಹೋಯಿತು. ಕೃತಜ್ಞತೆ ಸುಲಭವಾಯಿತು: ಉಪಕಾರ ಮಾಡಿದವರಿಗೇ ಹೇಳುವುದು, ಸಾಧ್ಯವಾದರೆ ಅದೇ ದಿನ. ಕಾಡಿದ್ದು ವಿಜ್ಞಾಪನೆ, ಅಂದರೆ ಇತರರಿಗಾಗಿ ಬೇಡುವುದು. ದೊಡ್ಡಪ್ಪನ ಮಗಳಿಗೆ ಆಪರೇಷನ್ ಎಂದು ಗೊತ್ತಾದ ರಾತ್ರಿ ನನಗೆ ಮಾಡಲು ಏನೂ ಇರಲಿಲ್ಲ. ಹಿಂದೆ ಆಗಿದ್ದರೆ ಮೊಣಕಾಲೂರಿ ಅರ್ಧ ಗಂಟೆ ಬೇಡಿ, ಏನೋ ಮಾಡಿದೆನೆಂಬ ನೆಮ್ಮದಿಯಿಂದ ಮಲಗುತ್ತಿದ್ದೆ. ಅಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ, ‘ಅಕ್ಕ, ಆಸ್ಪತ್ರೆಯಲ್ಲಿ ರಾತ್ರಿ ಯಾರು ನಿಲ್ಲುತ್ತಾರೆ? ನಾನು ಬರಲೇ?’ ಎಂದು ಕೇಳಿದೆ. ‘ಪ್ರಾರ್ಥನೆಯಲ್ಲಿ ನೆನೆಯುತ್ತೇವೆ ಎಂದು ಎಲ್ಲರೂ ಹೇಳಿದರು, ನಿಲ್ಲುತ್ತೇನೆಂದು ನೀನೊಬ್ಬಳೇ ಕೇಳಿದ್ದು’ ಎಂದಳು. ಪ್ರಾರ್ಥಿಸುವವರು ಕೈಕಟ್ಟಿ ಕೂರುತ್ತಾರೆ ಎಂದು ಇದಕ್ಕೆ ಅರ್ಥವಲ್ಲ. ನಮ್ಮ ಸಭೆಯ ಹೆಂಗಸರ ಕೂಟದವರಷ್ಟು ಆಸ್ಪತ್ರೆ ಸುತ್ತಿದವರನ್ನು ನಾನು ಬೇರೆಲ್ಲಿಯೂ ನೋಡಿಲ್ಲ. ನನ್ನ ಮಟ್ಟಿಗೆ ಮಾತ್ರ, ಬೇಡಲು ಹವಣಿಸುತ್ತಿದ್ದ ಮನಸ್ಸಿಗೆ ಒಂದು ಟಿಫಿನ್ ಕ್ಯಾರಿಯರ್ ಹಿಡಿಸಿದ ಮೇಲೆ ಅದು ಸ್ವಲ್ಪ ಸಮಾಧಾನವಾಯಿತು.

ರಾತ್ರಿಯ ವರದಿಗೆ ಬದಲಿ ಸಿಗಲಿಲ್ಲ. ಡೈರಿ ಬರೆದು ನೋಡಿದೆ; ಡೈರಿ ಕ್ಷಮಿಸುವುದಿಲ್ಲ. ಗೆಳತಿಯೊಬ್ಬಳಿಗೆ ಕೆಲವನ್ನು ಹೇಳುತ್ತೇನೆ, ಕೆಲವನ್ನು ಯಾರಿಗೂ ಹೇಳುವುದಿಲ್ಲ. ಆ ಜಾಗ ಖಾಲಿಯಾಗಿಯೇ ಇದೆ. ಮೊದಲಿನಷ್ಟು ಕೊರೆಯುವುದಿಲ್ಲ, ಅಷ್ಟೇ.

ಇನ್ನು ನರಕದ ಭಯ. ನಂಬಿಕೆ ಹೋದ ಮೇಲೂ ಭಯ ಹೋಗುವುದಿಲ್ಲ ಎಂಬುದನ್ನು ಯಾರೂ ನನಗೆ ಮುಂಚೆಯೇ ಹೇಳಿರಲಿಲ್ಲ. ಹಗಲಿಡೀ ತರ್ಕವೆಲ್ಲ ಸರಿಯಾಗಿರುತ್ತದೆ, ಮಳೆಗಾಲದ ಆಟಿ ತಿಂಗಳ ರಾತ್ರಿ ಸಿಡಿಲು ಹೊಡೆದರೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಬೆಂಕಿಯ ಕೆರೆ ಕಣ್ಣ ಮುಂದೆ. ಹದಿಹರೆಯದಲ್ಲಿ ಹೋಗಿದ್ದ ಒಂದು ಉಜ್ಜೀವನ ಕೂಟದಲ್ಲಿ, ‘ಈ ರಾತ್ರಿ ಸತ್ತರೆ ನೀನು ಎಲ್ಲಿರುತ್ತೀ?’ ಎಂದು ಮೈಕ್ ಹಿಡಿದು ಕೂಗಿದ್ದವರ ದನಿ ಯಥಾವತ್ತಾಗಿ ಕೇಳಿಸುತ್ತಿತ್ತು. ನಮ್ಮ ಸಭೆಯ ಪಾದ್ರಿ ಅಯ್ಯನವರು ಎಂದೂ ಹಾಗೆ ಹೆದರಿಸಿದವರಲ್ಲ; ಆದರೆ ಒಮ್ಮೆ ಹೊಕ್ಕ ಮಾತು ಹೊಕ್ಕಿತು. ಧರ್ಮ ಬಿಟ್ಟವರಲ್ಲಿ ಕಾಣುವ ಇಂಥ ಭಯ, ನಿದ್ರೆಗೇಡು, ಅಪರಾಧಿ ಭಾವಗಳನ್ನೆಲ್ಲ ಸೇರಿಸಿ ಅಮೆರಿಕದ ಮನೋವಿಜ್ಞಾನಿ ಮಾರ್ಲೀನ್ ವಿನೆಲ್ ಒಂದು ಹೆಸರು ಕೊಟ್ಟಿದ್ದಾರೆ, ಧಾರ್ಮಿಕ ಆಘಾತದ ಲಕ್ಷಣಕೂಟ ಎಂದು. ವೈದ್ಯರ ಅಧಿಕೃತ ರೋಗಪಟ್ಟಿಯಲ್ಲಿ ಅದು ಇಲ್ಲ. ಆದರೂ ಹೆಸರೊಂದಿದೆ ಎಂದರೆ ನನ್ನಂಥವರು ಬೇರೆಯವರೂ ಇದ್ದಾರೆ ಎಂದಾಯಿತು, ನನಗೆ ಆಗ ಅಷ್ಟು ಸಾಕಾಗಿತ್ತು.

ಭಯವನ್ನು ಸಡಿಲಿಸಿದ್ದು ಬೇರೆಯೇ ಒಂದು ವಿಚಾರ. ನಮ್ಮ ಪಕ್ಕದ ಮನೆಯ ಅಮ್ಮನಿಗೆ ಪಂಜುರ್ಲಿ ದೈವಕ್ಕೆ ಕೋಲದ ಸೇವೆ ತಪ್ಪಿಸಿದರೆ ಕೇಡು ಕಾದಿದೆ ಎಂಬ ಭಯ ನಿಜವಾಗಿಯೂ ಇದೆ. ಹೇಳುವಾಗ ಅವರ ಕೈ ನಡುಗುತ್ತದೆ. ಅದೇ ಬೇಲಿಯ ಈಚೆ ಬೆಳೆದ ನನಗೆ ಆ ಭಯದ ಎಳೆಯೂ ಇಲ್ಲ. ನನ್ನ ಮುತ್ತಜ್ಜನ ಅಪ್ಪನಿಗೆ ಖಂಡಿತ ಇದ್ದಿರಬೇಕು. ಮನೆಯ ಭೂತವನ್ನು ಬಿಟ್ಟು ದೀಕ್ಷಾಸ್ನಾನಕ್ಕೆ ನಿಂತ ಮೊದಲ ಮಳೆಗಾಲದಲ್ಲಿ ಅವರೂ ಸಿಡಿಲಿಗೆ ಎದ್ದು ಕುಳಿತಿರಬಹುದು, ಮಗುವಿಗೆ ಜ್ವರ ಬಂದಾಗ ದೈವದ ಮುನಿಸೇ ಎಂದು ಒಳಗೊಳಗೆ ಬೆವರಿರಬಹುದು. ಭಯ ಅವರಿಗೆ ಹುಟ್ಟಿದ ಮನೆಯಿಂದ ಬಂದಿತ್ತು, ನನಗೂ ಹುಟ್ಟಿದ ಮನೆಯಿಂದ ಬಂದಿದೆ. ಸತ್ಯಾಸತ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ಮನಸ್ಸಿಗೆ ನಾಟಿದ ಮೇಲೆ, ಬಿಟ್ಟುಹೋಗುವವಳು ನಮ್ಮ ವಂಶದಲ್ಲಿ ನಾನೇ ಮೊದಲಿಗಳಲ್ಲ ಎಂಬ ಧೈರ್ಯವೂ ಬಂತು. ಭಯ ಬಂದ ರಾತ್ರಿಗಳಲ್ಲಿ ಅದರೊಡನೆ ವಾದಿಸುವುದನ್ನು ಬಿಟ್ಟೆ. ದೀಪ ಹಾಕಿ, ನೀರು ಕುಡಿದು, ಉಸಿರನ್ನು ನಿಧಾನವಾಗಿ ಹೊರಬಿಡುತ್ತ, ‘ಇದು ಹಳೆಯ ಪಾಠ, ಮುಗಿಯುತ್ತದೆ’ ಎಂದುಕೊಂಡು ಕೂರುತ್ತಿದ್ದೆ. ಮುಗಿಯುತ್ತಿತ್ತು.

ಉಸಿರಿನ ಈ ಕ್ರಮವನ್ನು ಕಲಿಸಿದವರು ಆಪ್ತಸಮಾಲೋಚಕಿಯೊಬ್ಬರು. ಅವರಿಗಿಂತ ಮೊದಲು ಭೇಟಿಯಾದವರು, ‘ನಿಮಗೆ ಚರ್ಚ್ ಹಿಡಿಸದಿದ್ದರೆ ನಮ್ಮ ಧ್ಯಾನ ಶಿಬಿರಕ್ಕೆ ಬನ್ನಿ’ ಎಂದಿದ್ದರು. ಆದ್ದರಿಂದ ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿಬಿಡಿ: ನನ್ನನ್ನು ಮರಳಿ ಸೇರಿಸುವುದೂ ಬೇಡ, ಬೇರೆಡೆ ಸೇರಿಸುವುದೂ ಬೇಡ, ನಿದ್ದೆ ಬರುವಂತೆ ಮಾಡಿ. ಹಣವಿಲ್ಲದವರಿಗೆ, ಅಥವಾ ಊರಿನಲ್ಲಿ ಯಾರಾದರೂ ನೋಡಿಯಾರು ಎಂಬ ಅಂಜಿಕೆಯಿರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಬೇರೆಡೆ ಸೇರಿಸುವವರ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸಹೋದ್ಯೋಗಿಯೊಬ್ಬರು ನಾನು ಸಭೆ ಬಿಟ್ಟದ್ದನ್ನು ಕೇಳಿ, ‘ಒಳ್ಳೆಯದಾಯಿತು, ಕೊನೆಗೂ ನಿಮ್ಮ ಮೂಲಕ್ಕೆ ಬಂದಿರಿ’ ಎಂದು ಕೈಕುಲುಕಿದರು. ನಾನು ಯಾವ ಮೂಲಕ್ಕೂ ಬಂದಿರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ಉಡುಪಿಯ ಸುತ್ತ ಚರ್ಚುಗಳ ಮೇಲೆ, ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನಾವು ಬಾಗಿಲು ಹಾಕಿಕೊಂಡು ಕುಳಿತವರು. ನನ್ನ ಅನುಮಾನಗಳು ಆ ಕಲ್ಲು ತೂರಿದವರ ಕೈಗೆ ಇನ್ನೊಂದು ಕಲ್ಲಾಗುವುದು ನನಗೆ ಬೇಡ. ಈ ಕಾರಣಕ್ಕೇ ಬಹಳ ಕಾಲ ಬಾಯಿ ಬಿಡಲಿಲ್ಲ. ಈಗಲೂ ಹೆಸರು ಹಾಕದೆ ಬರೆಯುತ್ತಿದ್ದೇನೆ. ಯಾವ ಧರ್ಮಕ್ಕೂ ಸೇರದವಳಾಗಿರಲು ನನಗೆ ಹಕ್ಕಿದೆ. ಸಂವಿಧಾನದ 25ನೆಯ ವಿಧಿ ಕೊಡುವ ಅಂತಃಸಾಕ್ಷಿಯ ಸ್ವಾತಂತ್ರ್ಯದಲ್ಲಿ ತನಗೆ ಧರ್ಮವೇ ಇಲ್ಲ ಎನ್ನುವ ಹಕ್ಕೂ ಸೇರಿದೆ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ತಮಾಷೆಯೆಂದರೆ ಆ ಅರ್ಜಿ ಹಾಕಿದ್ದವರು ಯೇಸುವನ್ನು ನಂಬುವವರೇ. ಯಾವುದೇ ಧರ್ಮದ ಹಣೆಪಟ್ಟಿ ಬೇಡವೆಂದು ಹೋಗಿದ್ದರು.

ಅಮ್ಮನಿಗೆ ಹೇಳಿದ್ದು ಎಲ್ಲಕ್ಕಿಂತ ತಡವಾಗಿ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ಹಾಗಾದರೆ ನಿನ್ನ ಅಪ್ಪನನ್ನು ಮತ್ತೆ ನೋಡುವುದು ಬೇಡವೇ ಮಗಳೇ ನಿನಗೆ?’ ಅಪ್ಪ ತೀರಿಕೊಂಡಾಗ, ‘ಕರ್ತನ ಬಳಿಯಲ್ಲಿದ್ದಾರೆ, ಅಲ್ಲಿ ಭೇಟಿಯಾಗುತ್ತೇವೆ’ ಎಂಬ ಮಾತಿನ ಆಸರೆಯಲ್ಲಿ ನಾನು ಹೆಚ್ಚು ಅತ್ತಿರಲಿಲ್ಲ. ನಂಬಿಕೆಯೊಡನೆ ಆ ಆಸರೆಯೂ ಹೋದಾಗ ಅಪ್ಪ ಎರಡನೆಯ ಸಲ ಸತ್ತರು, ಈ ಸಲ ಪೂರ್ತಿಯಾಗಿ. ಇದನ್ನು ಅಮ್ಮನಿಗೆ ಹೇಳಲಾಗಲಿಲ್ಲ. ಸಮಾಧಿಗೆ ಒಬ್ಬಳೇ ಹೋಗಿ ಹೊಟ್ಟೆ ತುಂಬ ಅತ್ತುಬಂದೆ. ಸಮಾಲೋಚನೆಗಿಂತ ಹೆಚ್ಚು ಗುಣ ಕೊಟ್ಟದ್ದು ಆ ಅಳುವೇ ಎಂದು ನನ್ನ ಎಣಿಕೆ. ಇನ್ನೊಮ್ಮೆ ಅಮ್ಮನಿಗೆ, ಮದರ್ ತೆರೇಸಾ ಅವರೇ ದೇವರ ಇರವು ತನಗೆ ಅನುಭವಕ್ಕೆ ಬರುತ್ತಿಲ್ಲವೆಂದು ದಶಕಗಟ್ಟಲೆ ಪತ್ರಗಳಲ್ಲಿ ತೋಡಿಕೊಂಡಿದ್ದರು, 2007ರಲ್ಲಿ ಅವೆಲ್ಲ ಅಚ್ಚಾದವು ಎಂದೆ. ‘ಅವರು ಬಿಟ್ಟು ಹೋಗಲಿಲ್ಲವಲ್ಲ’ ಎಂದರು. ಸ್ವಲ್ಪ ತಡೆದು, ‘ಅದೂ ಅಲ್ಲದೆ ಅವರು ಕಥೋಲಿಕರು’ ಎಂದರು. ಇಬ್ಬರೂ ನಕ್ಕೆವು. ಈಗ ಅವರ ಪ್ರಾರ್ಥನೆಯ ಹೊತ್ತಿಗೆ ನಾನೂ ಪಕ್ಕದಲ್ಲಿ ಕೂರುತ್ತೇನೆ, ಕಣ್ಣು ಮುಚ್ಚುವುದಿಲ್ಲ. ನನ್ನ ಹೆಸರು ಹೇಳಿ ಅವರು ಬೇಡುವಾಗ ತಡೆಯುವುದೂ ಇಲ್ಲ.

ಹಾಡನ್ನು ಮಾತ್ರ ಬಿಡಲು ಆಗಲಿಲ್ಲ. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ ನಮ್ಮ ಗೀತೆಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುತ್ತೇವೆ. ನನ್ನದು ಆಲ್ಟೋ, ಹೆಂಗಸರ ಕೆಳಗಿನ ಸ್ವರ. ಮೇಲಿನ ಸ್ವರ ಹಾಡುವ ಸೊಪ್ರಾನೋದವರಿಗೆ ರಾಗವೇ ಸಿಗುತ್ತದೆ, ಮನೆಯಲ್ಲಿ ಒಬ್ಬರೇ ಗುನುಗಿದರೂ ಹಾಡಾಗುತ್ತದೆ. ಆಲ್ಟೋ ಒಂಟಿಯಾಗಿ ಹಾಡಿದರೆ ಎರಡು ಮೂರು ಸ್ವರಗಳ ನಡುವೆಯೇ ಓಲಾಡುವ ಅರೆಬರೆ ಗುನುಗು. ಯಾವ ಹಾಡೆಂದು ಗುರುತೂ ಸಿಗುವುದಿಲ್ಲ. ಗಾಯನ ಮಂಡಳಿಯಿಂದ ದೂರವಿದ್ದ ದಿನಗಳಲ್ಲಿ ಪಾತ್ರೆ ತೊಳೆಯುತ್ತ ಆ ಗುನುಗನ್ನು ಕೇಳಿಕೊಂಡು ಸಾಕಾಯಿತು. ಮಂಡಳಿಯ ಮುಖ್ಯಸ್ಥರ ಬಳಿಗೆ ಹೋಗಿ, ‘ಅಣ್ಣ, ನನಗೆ ನಂಬಿಕೆಯಿಲ್ಲ, ಆದರೆ ಹಾಡಬೇಕು’ ಎಂದೆ. ಅವರು ಅಯ್ಯನವರನ್ನು ಕೇಳಿ ಬಂದರು. ಕ್ರಿಸ್‌ಮಸ್ ಗೀತೆಗಳಿಗೂ ಬೆಳೆ ಹಬ್ಬಕ್ಕೂ ಹಾಡಬಹುದು, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಬೇಡ ಎಂದಾಯಿತು. ನನಗೆ ಅದು ನ್ಯಾಯವಾಗಿಯೇ ಕಂಡಿತು. ಬೆಳೆ ಹಬ್ಬದ ಏಲಂನಲ್ಲಿ ಬೂದುಗುಂಬಳಕ್ಕೆ ಪೈಪೋಟಿಯ ಮೇಲೆ ಕೂಗಿ, ಸಂತೆಯ ಬೆಲೆಯ ಹತ್ತು ಪಟ್ಟು ಕೊಟ್ಟು ಹೊತ್ತುಕೊಂಡು ಬರುವುದೂ ಮೊದಲಿನಂತೆಯೇ ನಡೆದಿದೆ. ಇದನ್ನು ಕೆಲವು ವಿಚಾರವಾದಿ ಗೆಳೆಯರು ರಾಜಿ ಎನ್ನುತ್ತಾರೆ. ಎನ್ನಲಿ, ಅವರ ಸಭೆಗಳಲ್ಲಿ ನಾಲ್ಕು ಸ್ವರವೂ ಇಲ್ಲ, ಬೂದುಗುಂಬಳವೂ ಇಲ್ಲ.

ಸಭೆಯ ಒಳಗಿನಿಂದಲೇ ಕೆಲವು ಹುಡುಗ ಹುಡುಗಿಯರು ಗುಟ್ಟಾಗಿ ನನ್ನಲ್ಲಿಗೆ ಬರುತ್ತಾರೆ. ‘ಆಂಟಿ, ಮನೆಯಲ್ಲಿ ಹೇಳಿಬಿಡಲೇ?’ ಎಂಬುದೇ ಮೊದಲ ಪ್ರಶ್ನೆ. ಹಾಸ್ಟೆಲ್ ಶುಲ್ಕವನ್ನು ಅಪ್ಪ ಕಟ್ಟುತ್ತಿರುವವರೆಗೆ ಹೇಳಬೇಡ ಎನ್ನುತ್ತೇನೆ. ಕೈಗೊಂದು ಕೆಲಸ ಬರಲಿ, ನಿದ್ದೆ ಸರಿಹೋಗಲಿ, ಮಾತು ಕೇಳಿಸಿಕೊಳ್ಳುವ ಒಬ್ಬರಾದರೂ ಹೊರಗೆ ಸಿಗಲಿ. ಹೇಳುವಾಗಲೂ ಕ್ರಿಸ್‌ಮಸ್ ಊಟದ ಹೊತ್ತು ಬೇಡ, ಮರಣದ ಮನೆ ಬೇಡ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳು, ಅಜ್ಜಿಗೆ ಹೇಳದೆ ಇದ್ದರೂ ನಡೆಯುತ್ತದೆ. ಮೊನ್ನೆ ಬಂದ ಹುಡುಗಿ ಇಷ್ಟನ್ನೂ ಕೇಳಿಸಿಕೊಂಡು, ಮದುವೆಯ ಮಾತು ಬಂದರೆ ಏನು ಮಾಡುವುದು ಎಂದಳು. ಧಾರ್ಮಿಕ ವಿಧಿಯಿಲ್ಲದೆ ಮದುವೆಯಾಗಲು ಬಿಡುವ 1954ರ ವಿಶೇಷ ವಿವಾಹ ಕಾಯ್ದೆಯ ಬಗ್ಗೆ, ನೋಂದಣಿ ಕಚೇರಿಯ ಮೂವತ್ತು ದಿನದ ನೋಟಿಸಿನ ಬಗ್ಗೆ ಹೇಳಿದೆ. ನೋಟಿಸನ್ನು ಗೋಡೆಗೆ ಅಂಟಿಸುತ್ತಾರೆ, ಊರಿನವರೆಲ್ಲ ಓದಬಹುದು ಎಂದಾಗ ಅವಳ ಮುಖ ಸಪ್ಪಗಾಯಿತು. ಹುಡುಗ ಯಾರೆಂದು ನಾನು ಕೇಳಲಿಲ್ಲ.