ಮೆಣಸಿನ ಜಾಡು ಹಿಡಿದು ಕೊಚ್ಚಿ ನೋಡಿದ್ದು

ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ, ಮರಮರಕ್ಕೂ ಮೆಣಸಿನ ಬಳ್ಳಿ. ಈ ಕಾಳಿಗಾಗಿ ಹಡಗು ಹತ್ತಿ ಬಂದವರು ನೆಲೆಸಿದ ಕೊಚ್ಚಿಯನ್ನು ಒಮ್ಮೆ ನೋಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಕೊಯ್ಲು ಮುಗಿದ ಮೇಲೆ ಅಪ್ಪಯ್ಯನನ್ನೂ ಕರೆದುಕೊಂಡು ಆಗುಂಬೆ ಘಾಟಿ ಇಳಿದು, ಉಡುಪಿಯಲ್ಲಿ ರೈಲು ಹತ್ತಿ ಎರ್ನಾಕುಲಂ ಸೇರಿದೆ.

ಅಲ್ಲಿಂದ ಫೋರ್ಟ್ ಕೊಚ್ಚಿಗೆ ಟ್ಯಾಕ್ಸಿ ಬೇಡ, ಸರ್ಕಾರಿ ಬೋಟ್ ಹಿಡಿಯಿರಿ. ದಾರಿಯಲ್ಲಿ ವಿಲ್ಲಿಂಗ್ಡನ್ ದ್ವೀಪ ಸಿಗುತ್ತೆ. ಬಂದರು ಆಳ ಮಾಡುವಾಗ ತೆಗೆದ ಹೂಳನ್ನೇ ಸುರಿದು ಮಾಡಿದ ದ್ವೀಪ ಅದು.

ನಾವು ತಲುಪಿದ್ದು ಶುಕ್ರವಾರ. ಮಟ್ಟಾಂಚೇರಿ ಅರಮನೆಗೆ ಅವತ್ತೇ ರಜೆ. ಶನಿವಾರ ಯೆಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಭಾನುವಾರದಿಂದ ಗುರುವಾರದ ಒಳಗೆ ಹೋಗಿ, ಒಂದೇ ದಿನದಲ್ಲಿ ಎರಡೂ ಆಗುತ್ತೆ.

ಶುಕ್ರವಾರ ಫೋರ್ಟ್ ಕೊಚ್ಚಿ ಸುತ್ತಿದೆವು. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಕಲ್ಲು ಇದೆ. 1524ರಲ್ಲಿ ಇಲ್ಲೇ ತೀರಿಕೊಂಡ, ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಚೀನೀ ಮೀನು ಬಲೆಗಳ ಹತ್ತಿರ ಜನ ಜಾಸ್ತಿ, ಅಲ್ಲಿ ಹತ್ತು ನಿಮಿಷ ಸಾಕು.

ಮರುದಿನ ಅರಮನೆ. ಇದಕ್ಕೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟಿದ್ದು, ಮುಂದೆ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಈಗಲೂ ಡಚ್ ಅರಮನೆ ಅಂತಲೇ ಕರೆಯುತ್ತಾರೆ. ರಾಜನ ಮಲಗುವ ಕೋಣೆಯ ಗೋಡೆ ತುಂಬಾ ರಾಮಾಯಣ, ದಶರಥನ ಪುತ್ರಕಾಮೇಷ್ಟಿಯಿಂದ ಶುರು. ಕೆಮ್ಮಣ್ಣಿನ ಕೆಂಪು, ಅರಿಶಿನದ ಹಳದಿ, ಪಾಚಿ ಹಸಿರು. ಪಾತ್ರಗಳ ಕಿರೀಟ ನೋಡಿ ಅಪ್ಪಯ್ಯ ನಿಂತೇಬಿಟ್ಟರು. "ನಮ್ಮ ಯಕ್ಷಗಾನದ ವೇಷವೇ ಅಲ್ವಾ ಮಾರಾಯ!" ನಾವು ಹೋದಾಗ ಫೋಟೋ ತೆಗೆಯಲು ಬಿಡಲಿಲ್ಲ. ಅದು ಒಳ್ಳೆಯದೇ ಆಯಿತು, ಮೊಬೈಲ್ ಜೇಬಲ್ಲಿಟ್ಟು ಇಬ್ಬರೂ ನಿಧಾನವಾಗಿ ನೋಡಿದೆವು.

ಭಾನುವಾರ ಸಿನಗಾಗ್. 1568ರದ್ದು. ಚಪ್ಪಲಿ ಹೊರಗೆ ಬಿಡಬೇಕು, ಕಾಲಿಗೆ ತಣ್ಣಗೆ ತಾಗುವ ಬಿಳಿ ಹೆಂಚುಗಳು ಚೀನಾದಿಂದ ಬಂದವು. ಒಂದೊಂದರ ಮೇಲೂ ಕೈಯಲ್ಲಿ ಬರೆದ ನೀಲಿ ಚಿತ್ರ. ಬಗ್ಗಿ ನೋಡಿದರೆ ಒಂದು ಹೆಂಚಿನ ಗೆರೆ ಸಣ್ಣ, ಪಕ್ಕದ್ದು ದಪ್ಪ.

ಹೊರಗೆ ಬಂದರೆ ಬೀದಿ ತುಂಬಾ ಒಣಶುಂಠಿ, ಏಲಕ್ಕಿ ವಾಸನೆ. ಒಂದು ಅಂಗಡಿಯಲ್ಲಿ ಅಪ್ಪಯ್ಯ ನಾಲ್ಕು ಕಾಳುಮೆಣಸನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು. ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು ಅಂತ ಅಂಗಡಿಯವರಿಗೆ ಹೇಳಿದೆ. ಅವರು ಗೇರುಸೊಪ್ಪೆ ಎಲ್ಲಿದೆ ಅಂತ ಕೇಳಿ, ಚೀಟಿಯಲ್ಲಿ ಬರೆದುಕೊಂಡರು.