ಅಪ್ಪಯ್ಯನ ಮಳೆ ಲೆಕ್ಕ ಕ್ರೇಟ್ ಆದದ್ದು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮಳೆ ಲೆಕ್ಕ ಅಪ್ಪಯ್ಯನದು. ಬೆಳಿಗ್ಗೆ ಕಾಫಿ ಕುಡಿದು, ಅಂಗಳದ ಮಳೆ ಮಾಪಕದ ನೀರು ಅಳೆದು, ಡೈರಿಯಲ್ಲಿ ‘ಆರಿದ್ರಾ, 2 ಇಂಚು 40 ಸೆಂಟ್’ ಅಂತ ಬರೆದಿಡುತ್ತಾರೆ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಆ ಡೈರಿಗಳನ್ನು ಟೈಪ್ ಮಾಡಿಕೊಂಡು, ಯಾವ ನಕ್ಷತ್ರದಲ್ಲಿ ಎಷ್ಟು ಮಳೆ ಬಿತ್ತು ಅಂತ ಕೂಡಿ ತೋರಿಸುವ ಪ್ರೋಗ್ರಾಂ ಒಂದನ್ನು ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಎಲ್ಲ ಒಂದೇ ಮೇನ್ ಫೈಲಿನಲ್ಲಿ (ಪ್ರೋಗ್ರಾಂ ಶುರುವಾಗುವ ಫೈಲು), ಸುಮಾರು 900 ಸಾಲು.

ಕೊಪ್ಪದ ಭಾವನ ಫೋನು ಬಂತು. “ನಿನ್ನ ಮಳೆ ಲೆಕ್ಕಾನ ನನ್ನ ತೋಟದ ಆ್ಯಪಿಗೆ ಡಿಪೆಂಡೆನ್ಸಿ ಮಾಡ್ಕೊಳ್ತೀನಿ ಮಾರಾಯ. ಕಾರ್ಗೊ ಫೈಲಿಗೆ ಒಂದು ಸಾಲು ಹಾಕಿದ್ರೆ ಮುಗೀತಲ್ಲ?” ಹೂಂ ಅಂದೆ. (ಡಿಪೆಂಡೆನ್ಸಿ ಅಂದರೆ ನಮ್ಮ ಪ್ರೋಗ್ರಾಂ ಆಸರೆಯಾಗಿ ಬಳಸುವ ಬೇರೆಯವರ ಕೋಡು. ಹಾಗೆ ಬಳಸಲು ಕೊಡುವ ಕೋಡಿನ ಕಟ್ಟಿಗೆ ರಸ್ಟ್‌ನಲ್ಲಿ ಕ್ರೇಟ್ ಅನ್ನುತ್ತಾರೆ, ಅದನ್ನು ತಂದು ಜೋಡಿಸುವ ಸಾಧನ ಕಾರ್ಗೊ.) ಆರಿದ್ರಾದಲ್ಲಿ ಹಿಡಿದ ಕೆಲಸ ಪುಷ್ಯ ಕಳೆದರೂ ಮುಗಿದಿರಲಿಲ್ಲ.

ಬರೀ ಮೇನ್ ಇರುವ ಪ್ಯಾಕೇಜನ್ನು ಬೇರೆಯವರ ಕೋಡ್ ಕರೆಯಲು ಬರುವುದಿಲ್ಲ, ಲಿಬ್ (ಲೈಬ್ರರಿ) ಫೈಲ್ ಬೇಕು. ಫಂಕ್ಷನ್‌ಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಮೇನ್‌ನಲ್ಲಿ 40 ಸಾಲು ಉಳಿಸಿದೆ. ಅರ್ಧ ಗಂಟೆಯ ಕೆಲಸ. ಮಾರನೇ ದಿನ ಭಾವನ ಆ್ಯಪ್ ಇದ್ದಕ್ಕಿದ್ದ ಹಾಗೆ ಮುಚ್ಚಿಕೊಂಡಿತು. ಅವರ ಡೈರಿಯಲ್ಲಿ ಮಳೆ ಬಾರದ ದಿನ ‘ಇಲ್ಲ’ ಅಂತಿತ್ತು. ನನ್ನ ಕೋಡು ಅದನ್ನು ಅಂಕಿಯಾಗಿ ಓದಲಾರದೆ, ಇಡೀ ಪ್ರೋಗ್ರಾಂ ನಿಲ್ಲಿಸುವ ಎಕ್ಸಿಟ್ ಕರೆದುಬಿಟ್ಟಿತ್ತು. ಆಜ್ಞೆ ಟೈಪ್ ಮಾಡಿ ನಾವೇ ಓಡಿಸುವ ಕಮಾಂಡ್ ಲೈನಿನಲ್ಲಿ ಅದು ನಡೆಯುತ್ತದೆ. ಇನ್ನೊಬ್ಬರ ಪ್ರೋಗ್ರಾಮಿನೊಳಗೆ ಕೂತು ಎಕ್ಸಿಟ್ ಅಂದರೆ ಅತಿಥಿ ಬಂದು ಮನೆಯ ಮೇನ್ ಸ್ವಿಚ್ ಆರಿಸಿದ ಹಾಗೆ. ಎಕ್ಸಿಟ್, ತಪ್ಪು ಸಿಕ್ಕರೆ ಅಲ್ಲೇ ಕುಸಿಯುವ ಅನ್‌ವ್ರ್ಯಾಪ್, ತೆರೆಗೆ ಬರೆಯುವ ಪ್ರಿಂಟ್‌ಲೈನ್ ಎಲ್ಲ ಹುಡುಕಿ ತೆಗೆದೆ. ಎಷ್ಟನೇ ಸಾಲಿನಲ್ಲಿ ಏನು ತಪ್ಪಿದೆ ಎಂದು ಹೇಳುವ ಎರರ್ ಎನಮ್ (ತಪ್ಪಿನ ಬಗೆಗಳ ಪಟ್ಟಿ) ಮಾಡಿ, ಉತ್ತರ ಇಲ್ಲವೇ ತಪ್ಪು ಎರಡರಲ್ಲಿ ಒಂದನ್ನು ಹೊತ್ತು ಬರುವ ರಿಸಲ್ಟ್ ಹಿಂತಿರುಗಿಸಿದೆ. ಮುಂದೆ ಹೊಸ ಎರರ್ ಸೇರಿಸಿದರೆ ಒಂದೊಂದು ಬಗೆಯ ತಪ್ಪಿಗೆ ಏನು ಮಾಡಬೇಕೆಂದು ಹೇಳುವ ಭಾವನ ಮ್ಯಾಚ್ ಮುರಿಯಬಾರದಲ್ಲ, ಅದಕ್ಕೆ ಎನಮ್ ಮೇಲೆ ನಾನ್ ಎಕ್ಸಾಸ್ಟಿವ್ (ಪಟ್ಟಿ ಇನ್ನೂ ಬೆಳೆಯಬಹುದು) ಅಂತಲೂ ಬರೆದೆ.

ಆಮೇಲೆ ಕ್ಲ್ಯಾಪ್. ಕಮಾಂಡ್ ಲೈನ್ ಆಯ್ಕೆ ಓದುವ ಆ ಕ್ರೇಟ್ ಬೇಕಿದ್ದದ್ದು ನನ್ನ ಮೇನ್‌ಗೆ ಮಾತ್ರ. ಆದರೆ ಲಿಬ್ ಮತ್ತು ಮೇನ್ ಒಂದೇ ಪ್ಯಾಕೇಜಿನಲ್ಲಿದ್ದರೆ ಡಿಪೆಂಡೆನ್ಸಿಯೂ ಒಟ್ಟಿಗೇ, ಭಾವನೂ ಅದನ್ನು ಕಂಪೈಲ್ ಮಾಡಬೇಕು. ಹಲವು ಪ್ಯಾಕೇಜುಗಳನ್ನು ಒಟ್ಟಿಗೆ ಇಡುವ ವರ್ಕ್‌ಸ್ಪೇಸ್ ಮಾಡಿ ಎರಡು ಪ್ಯಾಕೇಜಾಗಿ ಒಡೆದೆ.

ನಾನು ನಿಜವಾಗಿ ಎಡವಿದ್ದು ಅಳತೆಯಲ್ಲಿ. ನಮ್ಮದು ಇಂಚು, ಭಾವನಿಗೆ ಮಿಲಿಮೀಟರ್ ಬೇಕು. ಬುದ್ಧಿವಂತಿಕೆ ಅಂದುಕೊಂಡು ‘ಮಿಮೀ’ ಅಂತ ಒಂದು ಫೀಚರ್ ಇಟ್ಟೆ; ಫೀಚರ್ ಅಂದರೆ ಕ್ರೇಟ್ ಬಳಸುವವರು ಆನ್ ಮಾಡಿಕೊಳ್ಳಬಹುದಾದ ಆಯ್ಕೆ. ಆನ್ ಮಾಡಿದರೆ ಅದೇ ಫಂಕ್ಷನ್ ಮಿಲಿಮೀಟರ್ ಕೊಡುತ್ತದೆ. ಭಾವನ ಆ್ಯಪಿನಲ್ಲಿ ಎರಡು ಕ್ರೇಟ್: ಒಂದು ಗ್ರಾಫ್ ಬಿಡಿಸುವುದು, ಅದರಲ್ಲಿ ಫೀಚರ್ ಆನ್, ಇನ್ನೊಂದು ವರದಿ ಬರೆಯುವುದು, ಅದರಲ್ಲಿ ಆಫ್. ಪರೀಕ್ಷೆಗೆ ಕೊಟ್ಟ ಅಪ್ಪಯ್ಯನ ಆ 2 ಇಂಚು 40 ಸೆಂಟ್ ವರದಿಯಲ್ಲಿ 60.96 ಇಂಚು ಆಗಿ ಬಂತು. ಒಂದೇ ದಿನಕ್ಕೆ! ಆಗುಂಬೆಯವರೂ ನಂಬಲಿಕ್ಕಿಲ್ಲ. ಒಂದು ಬಿಲ್ಡಿನಲ್ಲಿ ಒಂದೇ ಕ್ರೇಟನ್ನು ಇಬ್ಬರು ಬೇಡಿದರೆ ಕಾರ್ಗೊ ಇಬ್ಬರ ಫೀಚರ್‌ಗಳನ್ನೂ ಕೂಡಿಸಿ ಒಂದೇ ಸಲ ಕಟ್ಟುತ್ತದೆ. ಹಾಗಾಗಿ ಫೀಚರ್ ಹೊಸದನ್ನು ಸೇರಿಸಬಹುದೇ ಹೊರತು ಇದ್ದದ್ದರ ಅರ್ಥ ಬದಲಿಸಬಾರದು. ಫೀಚರ್ ಕಿತ್ತೆ. ಮಳೆಗೇ ಒಂದು ಸ್ಟ್ರಕ್ಟ್ (ನಾವೇ ಕಟ್ಟಿಕೊಳ್ಳುವ ದತ್ತಾಂಶದ ಅಚ್ಚು) ಮಾಡಿ, ಒಳಗೆ ಮಿಲಿಮೀಟರ್ ಇಟ್ಟು, ಇಂಚು ಬೇಕಾದವರಿಗೊಂದು, ಮಿಲಿಮೀಟರ್ ಬೇಕಾದವರಿಗೊಂದು ಮೆಥಡ್ ಕೊಟ್ಟೆ.

ಆಗಲೇ ಹೊಳೆದದ್ದು, ಕೋಡಿನ ತುಂಬ ನಮ್ಮ ಮನೆಯ ರೂಢಿಯೇ ತುಂಬಿದೆ ಅಂತ. ಅಪ್ಪಯ್ಯ ಬೆಳಿಗ್ಗೆ ಅಳೆದದ್ದನ್ನು ಅದೇ ದಿನದ ತಾರೀಖಿಗೆ ಬರೆಯುತ್ತಾರೆ. ಹವಾಮಾನ ಇಲಾಖೆಯೂ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಯ ಮಳೆಯನ್ನು ಆ ದಿನಕ್ಕೇ ಹಾಕುತ್ತದೆ. ಭಾವನ ಮನೆಯಲ್ಲಿ ಹಿಂದಿನ ದಿನಕ್ಕೆ ಬರೆಯುತ್ತಾರೆ. ನಕ್ಷತ್ರ ಬದಲಾಗುವ ದಿನ ಹೀಗಾದರೆ ಒಂದೇ ಮಳೆ ಭಾವನ ಲೆಕ್ಕದಲ್ಲಿ ಪುನರ್ವಸುವಿಗೆ, ನಮ್ಮ ಲೆಕ್ಕದಲ್ಲಿ ಪುಷ್ಯಕ್ಕೆ ಸೇರಿಹೋಗುತ್ತದೆ. ನಕ್ಷತ್ರದ ತಾರೀಖುಗಳೂ ಅಷ್ಟೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಪ್ರವೇಶದ ದಿನ ಪಂಚಾಂಗದಿಂದ ಪಂಚಾಂಗಕ್ಕೆ ಒಂದು ದಿನ ಹೆಚ್ಚುಕಡಿಮೆ ಆಗಬಹುದು. ನಾನು ನಮ್ಮ ಪಂಚಾಂಗವನ್ನೇ ಕೋಡಿನೊಳಗೆ ಅಚ್ಚು ಹೊಡೆದಿದ್ದೆ. ಮೊದಲು ‘ಪಂಚಾಂಗ’ ಅಂತ ದೊಡ್ಡದೊಂದು ಟ್ರೇಟ್ (ಬಳಸುವವರು ತಮ್ಮ ಕೋಡಿನಿಂದ ತುಂಬಬೇಕಾದ ಕರಾರು) ಬರೆದೆ. ಎರಡು ದಿನ ನೋಡಿ ಅಳಿಸಿದೆ. ಹೆಸರು, ಶುರುವಾಗುವ ದಿನ, ಇವೆರಡರ ಪಟ್ಟಿಯನ್ನು ಕರೆಯುವವರೇ ಕೊಟ್ಟರೆ ಸಾಕು. ಅಳೆದ ಮಳೆ ಯಾವ ದಿನಕ್ಕೆ ಅನ್ನುವುದನ್ನೂ ಅವರೇ ಹೇಳಬೇಕು. ಲಿಬ್ ಬರೀ ಕೂಡುತ್ತದೆ. 900 ಸಾಲಿದ್ದದ್ದು 300ರ ಆಸುಪಾಸಿಗೆ ಇಳಿಯಿತು.

ಎಲ್ಲರಿಗೂ ಸಿಗುವ ಕ್ರೇಟ್‌ಗಳ ತಾಣ ಕ್ರೇಟ್ಸ್ ಡಾಟ್ ಐಓಗೆ ಏರಿಸಿಲ್ಲ. ಅಲ್ಲಿ ಪ್ರಕಟಿಸಿದ ಆವೃತ್ತಿಯನ್ನು ಯಾಂಕ್ (ಹೊಸಬರು ಬಳಸದ ಹಾಗೆ ತಡೆಯುವುದು) ಮಾಡಬಹುದು ಅಷ್ಟೇ, ಬೇಕೆಂದಾಗ ಅಳಿಸಿ ಮತ್ತೆ ಅದೇ ಸಂಖ್ಯೆಯಲ್ಲಿ ಹಾಕಲು ಬಿಡುವುದಿಲ್ಲ. ನನಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೇ 0.2.0 ಅಂತ ಆವೃತ್ತಿಯ ಟ್ಯಾಗ್ ಹಾಕಿ ಕೊಟ್ಟೆ. ಭಾವನ ಕಾರ್ಗೊ ಫೈಲಿನಲ್ಲಿ ಈಗ ನಿಜಕ್ಕೂ ಒಂದೇ ಸಾಲು.

ಅಪ್ಪಯ್ಯನಿಗೂ ಹೊಸ ಲಿಬ್ ಮೇಲೆ ಕಟ್ಟಿದ್ದನ್ನೇ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಮೊದ್ಲೂ ಇಷ್ಟೇ ತೋರಿಸ್ತಿತ್ತಲ್ಲ?” ಅಂದರು.